ಕಾಕಾ ಬಾಗಿಲು ಹಾಕಿಕೊಂಡ ದಿನ

ಕಾಕಾ ಬಾಗಲಕೋಟೆಯ ನವನಗರದಲ್ಲಿ ಒಬ್ಬರೇ ಇರುತ್ತಾರೆ. ವಯಸ್ಸು 74. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಹೋದ ಮೇಲೆ ಇಲ್ಲಿಗೆ ಬಂದವರು. ಹೋದ ಮಂಗಳವಾರ ರೊಟ್ಟಿ, ಶೇಂಗಾ ಚಟ್ನಿ ಕೊಡಲು ಹೋದೆ. ಹಗಲಲ್ಲೇ ಬಾಗಿಲು ಹಾಕಿತ್ತು. ಎಷ್ಟು ಬಡಿದರೂ ತೆಗೆಯಲಿಲ್ಲ. ಕೊನೆಗೆ ಕಿಟಕಿಯಿಂದ ಪಿಸುಗುಟ್ಟಿದರು: "ನೀ ಹೋಗವ್ವಾ, ಯಾರಿಗೂ ಹೇಳಬ್ಯಾಡ ಅಂದಾರ."

ಪೊಲೀಸ್ ಡ್ರೆಸ್ ಹಾಕಿದವನೊಬ್ಬ ವಿಡಿಯೋ ಕಾಲ್‌ನಲ್ಲಿ ಅವರನ್ನು ಮೂರು ತಾಸು ಕೂರಿಸಿದ್ದ. ಆಧಾರ್ ಮೇಲೆ ಕೇಸಾಗಿದೆ, ಡಿಜಿಟಲ್ ಅರೆಸ್ಟ್ ಅಂತೆ. ನೀರು ಕುಡಿಯಲೂ ಕಾಕಾ ಅವನ ಅಪ್ಪಣೆ ಕೇಳಿದ್ದಾರೆ. ನೆನೆದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

ಡಿಜಿಟಲ್ ಅರೆಸ್ಟ್ ಅನ್ನೋದು ನಮ್ಮ ಕಾನೂನಿನಲ್ಲೇ ಇಲ್ಲ. ನಿಜವಾದ ಪೊಲೀಸರು ವಿಡಿಯೋದಲ್ಲಿ ಯಾರನ್ನೂ ಬಂಧಿಸುವುದಿಲ್ಲ, ದುಡ್ಡೂ ಕೇಳುವುದಿಲ್ಲ. ಹೇಗೋ ಬಾಗಿಲು ತೆಗೆಸಿ, ಫೋನ್ ಕಿತ್ತುಕೊಂಡು ಕಟ್ ಮಾಡಿದೆ. ಅಷ್ಟರಲ್ಲಿ 40,000 ರೂಪಾಯಿ ಹೋಗಿತ್ತು. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆವು. ಕಳ್ಳರು ದುಡ್ಡನ್ನು ಖಾತೆಯಿಂದ ಖಾತೆಗೆ ದಾಟಿಸುತ್ತಾರೆ. ಅದಕ್ಕೂ ಮೊದಲೇ ಹೇಳಿದರೆ ಬ್ಯಾಂಕ್ ತಡೆಹಿಡಿಯಬಹುದು. ವಹಿವಾಟಿನ ನಂಬರ್, ಸ್ಕ್ರೀನ್‌ಶಾಟ್ ಅಳಿಸಬೇಡಿ.

ಕಾಕಾಗೆ ದುಡ್ಡಿಗಿಂತ ನಾಚಿಕೆಯೇ ಜಾಸ್ತಿ. "ನಿಮ್ಮ ಕಾಕೂ ಇದ್ದಿದ್ರ ಹಿಂಗ ಆಗ್ತಿರ್ಲಿಲ್ಲ" ಅಂದರು. ನಾನು ಎರಡು ವಾರದಿಂದ ಅವರಿಗೆ ಫೋನೇ ಮಾಡಿರಲಿಲ್ಲ.

ಹಿರಿಯರ ಸಹಾಯವಾಣಿ 14567. ಒಂಟಿತನ ಕಾಡಿದರೂ, ಮನೆಯವರೇ ಕಿರುಕುಳ ಕೊಟ್ಟರೂ ಅಲ್ಲಿ ಮಾತಾಡಬಹುದು. ಎರಡೂ ನಂಬರ್ ಕ್ಯಾಲೆಂಡರ್ ಮೇಲೆ ದೊಡ್ಡದಾಗಿ ಬರೆದಿಟ್ಟಿದ್ದೇನೆ. ಈಗ ದಿನಾ ಸಂಜೆ 7ಕ್ಕೆ ಕಾಕಾ ನನ್ನ ಫೋನಿಗೆ ಕಾಯುತ್ತಿರುತ್ತಾರೆ.