ಎಡಗಣ್ಣೋ, ಬಲಗಣ್ಣೋ?

ಲ್ಯಾಬ್‌ನಲ್ಲಿ ಎರಡು ವಾರ ಪ್ರೋಟೀನ್ ಕೆಟ್ಟಿದೆ ಅಂದುಕೊಂಡೇ ಕೆಲಸ ಮಾಡಿದೆ. ಒಂದು ಡಿಶ್‌ನಲ್ಲಿ ನರದ ಎಳೆಗಳು ಬಾಚಿದ ಕೂದಲಿನ ಹಾಗೆ ಸಾಲಾಗಿ ಬೆಳೆದಿರುತ್ತಿದ್ದವು. ಪಕ್ಕದ ಡಿಶ್‌ನಲ್ಲಿ ಎಲ್ಲೆಂದರಲ್ಲಿ ಹರಡಿರುತ್ತಿದ್ದವು. ಅದೇ ದಿನ, ಅದೇ ಇನ್‌ಕ್ಯುಬೇಟರ್, ಅದೇ ಕೈ.

ನಾನು ಮಾಡುತ್ತಿದ್ದದ್ದು ಸ್ಟ್ರೈಪ್ ಅಸ್ಸೇ, ಅಂದರೆ ನರದ ಎಳೆ ಯಾವ ಪಟ್ಟೆ ಹಿಡಿದು ಬೆಳೆಯುತ್ತದೆ ಅಂತ ನೋಡುವ ಪರೀಕ್ಷೆ. ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಫ್ರೀಡ್ರಿಕ್ ಬೋನ್‌ಹೋಫರ್ ಅವರ ತಂಡ 1987ರಲ್ಲಿ ಪ್ರಕಟಿಸಿದ ವಿಧಾನ. ಕೋಳಿಯ ಕಣ್ಣಿನ ನರಗಳು ಮಿದುಳಿನಲ್ಲಿ ನೋಟಕ್ಕೆ ಸಂಬಂಧಿಸಿದ ಟೆಕ್ಟಮ್ ಅನ್ನುವ ಭಾಗಕ್ಕೆ ಹೋಗಿ ಸೇರುತ್ತವೆ. ಅದರ ಮುಂಭಾಗದ ಜೀವಕೋಶಗಳ ಪೊರೆ ಒಂದು ಪಟ್ಟೆ, ಹಿಂಭಾಗದ್ದು ಇನ್ನೊಂದು ಪಟ್ಟೆ, ಹೀಗೆ ಒಂದಾದ ಮೇಲೊಂದು ಹಾಸಬೇಕು. ಪಟ್ಟೆಯ ಅಗಲ ಸುಮಾರು 90 ಮೈಕ್ರಾನ್, ತಲೆಗೂದಲಿನ ದಪ್ಪದಷ್ಟು. ಅದರ ಮೇಲೆ 6 ದಿನದ ಭ್ರೂಣದ ರೆಟಿನಾ (ಕಣ್ಣಿನೊಳಗಿನ ಬೆಳಕು ಗ್ರಹಿಸುವ ಪದರ) ತುಂಡನ್ನು ಅಡ್ಡ ಇಡಬೇಕು.

ರೆಟಿನಾದ ಕಿವಿ ಕಡೆಯ ಎಳೆಗಳು ಟೆಕ್ಟಮ್‌ನ ಮುಂಭಾಗಕ್ಕೆ ಸೇರಬೇಕಾದವು. ಹಿಂಭಾಗದಲ್ಲಿ ಎಫ್ರಿನ್-ಎ2, ಎಫ್ರಿನ್-ಎ5 ಅನ್ನುವ ಪ್ರೋಟೀನ್ ಜಾಸ್ತಿ. ಅದು ತಾಗಿದರೆ ಈ ಎಳೆಯ ತುದಿ ಮುದುಡಿ ಹಿಂದೆ ಸರಿಯುತ್ತದೆ. ಮೂಗಿನ ಕಡೆಯ ಎಳೆಗಳಿಗೆ ಎರಡು ಪಟ್ಟೆಯೂ ಒಂದೇ. ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಒಂದಿದೆ. ಹಿಂಭಾಗದ ಪೊರೆಯನ್ನು ಬಿಸಿ ಮಾಡಿ ಅದರ ಪ್ರೋಟೀನ್ ಕೆಡಿಸಿದರೆ ಕಿವಿ ಕಡೆಯ ಎಳೆಗಳೂ ಅದರ ಮೇಲೆ ಆರಾಮಾಗಿ ಬೆಳೆಯುತ್ತವೆ. ಅಂದರೆ ಮುಂಭಾಗ ಅವುಗಳನ್ನು ಕರೆಯುತ್ತಿರಲಿಲ್ಲ, ಹಿಂಭಾಗ ಬರಬೇಡ ಅನ್ನುತ್ತಿತ್ತು, ಅಲ್ವಾ?

ಇದು ತಲೆಯಲ್ಲಿ ಕೂತಿದ್ದರಿಂದಲೇ ಎಳೆ ಹರಡಿದ್ದು ಕಂಡಾಗ ಪೊರೆ ಎಲ್ಲೋ ಬಿಸಿಗೆ ಕೆಟ್ಟಿದೆ ಅಂದುಕೊಂಡೆ. ಐಸ್ ಜಾಸ್ತಿ ಹಾಕಿದೆ. ಹೊಸ ಮೊಟ್ಟೆ ತಂದು ಪೊರೆಯನ್ನು ಮತ್ತೆ ತಯಾರಿಸಿದೆ. ಮತ್ತೆ ಅರ್ಧದಷ್ಟು ಡಿಶ್‌ಗಳು ಸರಿ, ಉಳಿದವು ಇಲ್ಲ.

ನಮ್ಮ ಮೇಡಂ ಫೋಟೋಗಳನ್ನು ಒಂದೊಂದಾಗಿ ನೋಡಿದರು. "ಇದು ಎಡಗಣ್ಣೋ, ಬಲಗಣ್ಣೋ?" ಅಂತ ಕೇಳಿದರು.

ನೋಟ್‌ಬುಕ್ ತೆಗೆದೆ. "6 ದಿನ, ರೆಟಿನಾ, 8 ತುಂಡು" ಅಂತ ಮಾತ್ರ ಇತ್ತು. ಎರಡೂ ಕಣ್ಣನ್ನು ಒಂದೇ ತಟ್ಟೆಗೆ ಹಾಕುತ್ತಿದ್ದೆ. ರೆಟಿನಾದ ಕೆಳಗಿನ ಸೀಳು ನನ್ನ ಕಡೆ ಬರುವಂತೆ ತಿರುಗಿಸಿ, ಪ್ರತಿ ಸಲ ಒಂದೇ ಬದಿಯ ತುಂಡು ಕತ್ತರಿಸುತ್ತಿದ್ದೆ. ಒಂದು ಕಣ್ಣಲ್ಲಿ ಆ ಬದಿ ಕಿವಿ ಕಡೆ. ಇನ್ನೊಂದರಲ್ಲಿ ಮೂಗಿನ ಕಡೆ. ಎಳೆಗಳು ತಮ್ಮ ಕೆಲಸ ಸರಿಯಾಗೇ ಮಾಡುತ್ತಿದ್ದವು.

ಹೊಸಬರು ಬಂದಾಗ ಈಗ ನಾನು ಮೊದಲು ಇದನ್ನೇ ತೋರಿಸುತ್ತೇನೆ. ಒಂದು ಸಲಕ್ಕೆ ಒಂದೇ ಕಣ್ಣು. ತೆಗೆಯುವ ಮುಂಚೆಯೇ ತಟ್ಟೆಯ ಮೇಲೆ 'ಎಡ' ಅಥವಾ 'ಬಲ' ಅಂತ ಬರೆಯಬೇಕು. ರೆಟಿನಾ ಹಾಸುವ ಫಿಲ್ಟರ್ ಕಾಗದದಲ್ಲಿ ಮೂಗಿನ ಕಡೆಯ ಮೂಲೆ ಕತ್ತರಿಸಬೇಕು, ಆಮೇಲೆ ಹೇಗೆ ತಿರುಗಿಸಿದರೂ ಗೊತ್ತಾಗುತ್ತದೆ. ಮೂಗಿನ ಕಡೆಯ ತುಂಡನ್ನೂ ಬಿಸಾಡದೆ ಹೋಲಿಸಿ ನೋಡಲು ಪಕ್ಕದ ಡಿಶ್‌ನಲ್ಲಿ ಬೆಳೆಸಬೇಕು.

ಮುಂದಿನ ವಾರ ಬಲಗಣ್ಣು ಮಾತ್ರ ತೆಗೆದುಕೊಂಡೆ. ಕಿವಿ ಕಡೆಯ ತುಂಡಿಟ್ಟ ಆರು ಡಿಶ್‌ನಲ್ಲೂ ಎಳೆಗಳು ಪಟ್ಟೆ ಹಿಡಿದು ಬೆಳೆದಿದ್ದವು. ಒಂದು ಎಳೆ ಗೆರೆ ದಾಟಲು ಹೋಗಿ, ತುದಿ ಮುದುಡಿಕೊಂಡು, ಬಾಗಿ ತನ್ನ ಪಟ್ಟೆಗೇ ವಾಪಸ್ ಬಂದಿತ್ತು. ಮೇಡಂನ ಕರೆದು ಅದನ್ನೇ ತೋರಿಸಿದೆ.