ಏಳರಿಂದ ನಾಲ್ಕರ ಚುಕ್ಕಿ ರಂಗೋಲಿ, ಅಕ್ರಿಲಿಕ್ ಚುಕ್ಕಿಯಲ್ಲೇ: ಕೆಲಸ ಎಲ್ಲಿಗೆ ಬಂತು

ಶನಿವಾರ ಬೆಳಿಗ್ಗೆ, ಹಲಗೆ

25 ಸೆಂ.ಮೀ. ಚೌಕದ, 4 ಮಿ.ಮೀ. ದಪ್ಪದ ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ). ಕಪ್ಪು ಬಣ್ಣದ ಮೊದಲ ಕೈಗೆ ಮೈ ತರಿತರಿಯಾಯಿತು. ನೀರು ಕುಡಿದ ನಾರು ಎದ್ದು ನಿಲ್ಲುವುದರಿಂದ ಹೀಗಾಗುತ್ತದೆ. ಒಣಗಿದ ಮೇಲೆ 220 ನಂಬರಿನ ಉಪ್ಪುಕಾಗದದಿಂದ ಹಗುರವಾಗಿ ತಿಕ್ಕಿ ಎರಡನೇ ಕೈ. ಹಿಂಬದಿಗೂ ಒಂದು ಕೈ ಬಳಿದಿದೆ, ಇಲ್ಲದಿದ್ದರೆ ತೆಳು ಹಲಗೆ ಸೊಟ್ಟಗಾಗುತ್ತದೆ.

ಮಧ್ಯಾಹ್ನ, ಚುಕ್ಕಿ ಇಟ್ಟದ್ದು

ನಡುವೆ 7, ಮೇಲೂ ಕೆಳಗೂ 6, 5, 4. ಒಟ್ಟು 37. ಚುಕ್ಕಿಯಿಂದ ಚುಕ್ಕಿಗೆ 3 ಸೆಂ.ಮೀ., ಆದರೆ ಸಾಲಿನಿಂದ ಸಾಲಿಗೆ 2.6 ಸೆಂ.ಮೀ. ಮಾತ್ರ. ಎಲ್ಲರೂ ಎಡವುವುದು ಇಲ್ಲೇ. ಸಾಲಿಗೂ 3 ಇಟ್ಟರೆ, ಈ ಚುಕ್ಕಿಗಳ ಮೇಲೆ ಮೂಡುವ ಆರು ಮೂಲೆಯ ನಕ್ಷತ್ರ ಉದ್ದುದ್ದಕ್ಕೆ ಎಳೆದಂತೆ ಕಾಣುತ್ತದೆ. ನೆಲದ ಮೇಲೆ ಕಣ್ಣಳತೆ ಇದನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಸ್ಕೇಲಿಗೆ ಆ ಬುದ್ಧಿ ಇಲ್ಲ. ಗುರುತಿಗೆ ಬಿಳಿ ಚಾಕ್ ಪೆನ್ಸಿಲ್.

ಚುಕ್ಕಿ ಇಡುವುದು ಮಕ್ಕಳ ಪಾಲು: ಪೆನ್ಸಿಲ್ ತುದಿಯ ರಬ್ಬರನ್ನು ಬಣ್ಣಕ್ಕೆ ಮುಟ್ಟಿಸಿ ನೇರವಾಗಿ ಇಳಿಸಿ ನೇರವಾಗಿ ಎತ್ತಬೇಕು. ಒತ್ತಿದರೆ ಬಣ್ಣ ಅಂಚಿಗೆ ಸರಿದು ಉದ್ದಿನವಡೆಯಂತೆ ನಡುವೆ ತೂತು. ರಬ್ಬರಿನ ಬದಲು ಹತ್ತಿಯ ಇಯರ್ ಬಡ್ ಆದರೆ ಸ್ವಲ್ಪ ಹೊತ್ತಿಗೇ ನೂಲು ಬಿಡುತ್ತದೆ, ಹಲವು ಇಟ್ಟುಕೊಂಡಿರಿ.

ಬಣ್ಣದ ಹದ: ಚುಕ್ಕಿಯ ತುದಿಯಲ್ಲಿ ಎದ್ದ ಮೊನೆ ನಾಲ್ಕೈದು ಸೆಕೆಂಡಿನಲ್ಲಿ ತಾನೇ ಕೂರಬೇಕು. ಕೂರದಿದ್ದರೆ ಹನಿ ಹನಿಯಾಗಿ ನೀರು. ನೀರು ಜಾಸ್ತಿಯಾದರೆ ಚುಕ್ಕಿ ಹರಡಿ, ಒಣಗಿದಾಗ ಚಪ್ಪಟೆ. ಬಾಟಲಿ ಕುಲುಕಬೇಡಿ; ಗುಳ್ಳೆಗಳು ಒಡೆದು ಸೂಜಿತೂತು ಉಳಿಯುತ್ತವೆ.

ಭಾನುವಾರ, ಎಳೆಗಳು

ಇಲ್ಲಿ ಗೆರೆ ಎಳೆಯುವುದಿಲ್ಲ, ಎಳೆಯೂ ಚುಕ್ಕಿಯದೇ. ಹೊರಗಿನ ಆರು ಮೂಲೆಯಿಂದ ಎರಡನೇ ಸುತ್ತಿನ ನಡುಚುಕ್ಕಿಗಳಿಗೆ 12 ತುಂಡು ಗೆರೆ, ಪ್ರತಿಯೊಂದೂ 5.2 ಸೆಂ.ಮೀ. ಗುಂಡುತಲೆಯ ಪಿನ್ನಿನಿಂದ 4 ಮಿ.ಮೀ.ಗೆ ಒಂದರಂತೆ ಇಟ್ಟರೆ ತುದಿಗಳ ನಡುವೆ ಸರಿಯಾಗಿ 12 ಹಿಡಿಯುತ್ತವೆ. ಮೊದಲು ಮಧ್ಯಬಿಂದುವಿನ ಎರಡೂ ಬದಿಗೆ 2 ಮಿ.ಮೀ. ದೂರದಲ್ಲಿ ಒಂದೊಂದು, ಆಮೇಲೆ ಅಲ್ಲಿಂದ ಎರಡೂ ತುದಿಗಳತ್ತ. ಒಂದು ತುದಿಯಿಂದ ಹೊರಟರೆ ಕೊನೆಯಲ್ಲಿ ಒಂದೂವರೆ ಚುಕ್ಕಿಯ ಜಾಗ ಉಳಿದು ಅಣಕಿಸುತ್ತದೆ.

ಒಳಗಿನ ಆರು ದಳಕ್ಕೆ ಪಿನ್ ಒಮ್ಮೆ ಅದ್ದಿ, ದಳದ ತುದಿಯಿಂದ ಒಳಮುಖವಾಗಿ ಏಳು ಚುಕ್ಕಿ. ಬಣ್ಣ ಕರಗಿದಂತೆ ಚುಕ್ಕಿ ತಾನೇ ಸಣ್ಣದಾಗುತ್ತ ಹೋಗುತ್ತದೆ. ಇನ್ನೊಂದು ಬದಿಗೆ ಹೊಸದಾಗಿ ಅದ್ದಬೇಕು. ದಳಗಳನ್ನು ಸುತ್ತಾಗಿ ಹಾಕದೆ ಎದುರುಬದುರು ಜೋಡಿಯಾಗಿ ಹಾಕಿದರೆ ಓರೆ ಬೀಳುವುದಿಲ್ಲ.

ಕೆಂಪು, ಹಳದಿ ಕಪ್ಪಿನ ಮೇಲೆ ಮಂಕಾದವು, ಅವು ಅರೆಪಾರದರ್ಶಕ. ಬಿಳಿ ಚುಕ್ಕಿ ಇಟ್ಟು ಮೂರು ಗಂಟೆ ಬಿಟ್ಟು ಮೇಲೆ ಕೆಂಪು ಇಟ್ಟಾಗ ಬಣ್ಣ ಬಂತು. ಅರ್ಧ ಗಂಟೆಗೇ ಇಟ್ಟ ಎರಡು ಗುಲಾಬಿಯಾದವು: ಮೇಲೆ ಕೆನೆ ಕಟ್ಟಿತ್ತು, ಒಳಗೆ ಹಸಿ. ಫ್ಯಾನ್ ಕೆಳಗೆ ಇಟ್ಟದ್ದು ಬಿರುಕು ಬಿಟ್ಟಿತು. ಹಸಿ ತಪ್ಪನ್ನು ಒದ್ದೆ ಇಯರ್ ಬಡ್‌ನಿಂದ ಒರೆಸಬಹುದು. ಒಣಗಿದ್ದನ್ನು ಬ್ಲೇಡಿನ ಮೊನೆಯಿಂದ ಎಬ್ಬಿಸಿ ಕಪ್ಪು ತಾಗಿಸಿದರೆ ಸಾಕು, ಬ್ಲೇಡು ಮಾತ್ರ ದೊಡ್ಡವರ ಕೈಯಲ್ಲಿ.

ಬಾಕಿ

ನಕ್ಷತ್ರದ ಹೊರಗೆ ಉಳಿದ 12 ಚುಕ್ಕಿಗೆ ಮೇಲೊಂದು ಸಣ್ಣ ಚುಕ್ಕಿ. 24 ಗಂಟೆ ಬಿಟ್ಟು ಒದ್ದೆ ಬಟ್ಟೆಯಿಂದ ಚಾಕ್ ಒರೆಸುವುದು. ಸ್ಪ್ರೇ ವಾರ್ನಿಷ್ 25–30 ಸೆಂ.ಮೀ. ದೂರದಿಂದ ತೆಳುವಾಗಿ ಎರಡು ಸಲ, ಮಳೆಯಿಲ್ಲದ ದಿನ ನೋಡಿಕೊಂಡು. ತೇವದ ಹವೆಯಲ್ಲಿ ಹೊಡೆದರೆ ಕಪ್ಪಿನ ಮೇಲೆ ಹಾಲಿನ ಮಬ್ಬು ಕೂರುತ್ತದೆ.