ಆರ್‌ಬಿಫಾಕ್ಸ್2: ಮಾಡೆಲ್ ಕೊನೆಗೂ ಮೋಟಿಫ್ ಓದತೊಡಗಿತು

ಆರ್‌ಬಿಫಾಕ್ಸ್2 ಎಂಬುದು ಆರ್‌ಎನ್‌ಎಗೆ ಅಂಟುವ ಪ್ರೋಟೀನ್. ಅದು ಎಲ್ಲಿ ಕೂರುತ್ತದೆಂದು ಬೇಸ್‌ಗಳ ಸಾಲು ನೋಡಿಯೇ ಹೇಳುವ ಮಾಡೆಲ್ ನಮ್ಮದು; ಮೋಟಿಫ್ ಎಂದರೆ ಆ ಪ್ರೋಟೀನ್ ಗುರುತಿಸುವ ಚಿಕ್ಕ ಸಾಲು. ಎನ್‌ಕೋಡ್‌ (ಸಾರ್ವಜನಿಕ ಜೀನೋಮ್ ಯೋಜನೆ) ಕೊಡುವ, ಕೆ562 ಎಂಬ ರಕ್ತ ಕ್ಯಾನ್ಸರ್ ಕೋಶಗಳ ಇಕ್ಲಿಪ್ ಪೀಕ್‌ಗಳು (ಪ್ರೋಟೀನನ್ನು ಯುವಿಯಿಂದ ಆರ್‌ಎನ್‌ಎಗೆ ಅಂಟಿಸಿ ಪತ್ತೆಹಚ್ಚಿದ ಜಾಗಗಳು), ಹಿನ್ನೆಲೆಗಿಂತ ಲಾಗ್2 ಫೋಲ್ಡ್ 3ಕ್ಕಿಂತ ಕೆಳಗಿನವಕ್ಕೆ ಜರಡಿ, 101 ಬೇಸ್‌ಗಳ ವಿಂಡೋ, 10 ಬೇಸ್ ಅಗಲದ 32 ಫಿಲ್ಟರ್‌ಗಳ ಸಿಎನ್‌ಎನ್ (ಚಿಕ್ಕ ಚಿಕ್ಕ ಮಾದರಿಗಳನ್ನು ಹುಡುಕುವ ನ್ಯೂರಲ್ ನೆಟ್‌ವರ್ಕ್). ಇಷ್ಟು ಎಲ್ಲರಿಗೂ ಗೊತ್ತಿರುವುದೇ. ತಲೆ ತಿಂದದ್ದು ನೆಗೆಟಿವ್ ಸೆಟ್, ಅಂದರೆ ಪ್ರೋಟೀನ್ ಕೂರದ ಜಾಗಗಳೆಂದು ಮಾಡೆಲ್‌ಗೆ ತೋರಿಸುವ ಉದಾಹರಣೆಗಳು.

ಮೊದಲು ನೆಗೆಟಿವ್‌ಗಳನ್ನು ಜೀನ್‌ಗಳ ಒಳಗೆ ಎಲ್ಲೆಂದರಲ್ಲಿ ಆರಿಸಿದ್ದಾಯಿತು. ಎಯುಆರ್‌ಒಸಿ (ಮಾಡೆಲ್ ಎರಡು ಗುಂಪುಗಳನ್ನು ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಎಂಬ ಅಳತೆ) ಭರ್ಜರಿಯಾಗಿ ಬಂತು. ಆದರೆ ಪೀಕ್‌ನೊಳಗಿನ ಟಿ-ಜಿ-ಸಿ-ಎ-ಟಿ-ಜಿಯನ್ನು ಟಿ-ಜಿ-ಎ-ಸಿ-ಟಿ-ಜಿ ಮಾಡಿದರೂ ಸ್ಕೋರ್ ಅಲುಗಲಿಲ್ಲ. ಈ ಪ್ರೋಟೀನಿನ ಆರ್‌ಆರ್‌ಎಂ (ಆರ್‌ಎನ್‌ಎಗೆ ಅಂಟುವ ಭಾಗ) ಹಿಡಿಯುವುದೇ ಮೊದಲಿನ ಆ ಆರು ಬೇಸ್‌ಗಳನ್ನು. ಅವು ಕೆಟ್ಟರೂ ಲೆಕ್ಕಕ್ಕಿಲ್ಲವೆಂದರೆ ಮಾಡೆಲ್ ಕಲಿತದ್ದು ಜಿ ಮತ್ತು ಸಿ ಬೇಸ್‌ಗಳ ಪ್ರಮಾಣವನ್ನು, ಎಕ್ಸಾನ್ (ಆರ್‌ಎನ್‌ಎಯಲ್ಲಿ ಕೊನೆಗೆ ಉಳಿಯುವ ತುಂಡು) ಹತ್ತಿರವೋ ದೂರವೋ ಎಂಬುದನ್ನು. ಜೊತೆಗೆ, ಕೆ562ನಲ್ಲಿ ವ್ಯಕ್ತವಾಗದ ಜೀನ್‌ನಲ್ಲಿ ಪೀಕ್ ಇಲ್ಲವೆಂದರೆ ಪ್ರೋಟೀನ್ ಅಲ್ಲಿ ಕೂರುವುದಿಲ್ಲ ಎಂದು ಅರ್ಥವಲ್ಲ; ಅಲ್ಲಿ ಆರ್‌ಎನ್‌ಎಯೇ ಇಲ್ಲ.

ಡೈನ್ಯೂಕ್ಲಿಯೋಟೈಡ್ ಶಫಲ್ (ಅಕ್ಕಪಕ್ಕದ ಬೇಸ್ ಜೋಡಿಗಳ ಲೆಕ್ಕ ಉಳಿಸಿ ಪೀಕ್‌ನ ಸಾಲನ್ನೇ ಕಲಸಿ ನೆಗೆಟಿವ್ ಮಾಡುವುದು) ಕೂಡ ಕೈಕೊಟ್ಟಿತು. ಪ್ರಮಾಣ ಉಳಿಯುತ್ತದೆ, ಆದರೆ ಸ್ಪ್ಲೈಸ್ ಸೈಟ್ (ಇಂಟ್ರಾನ್ ಕತ್ತರಿಸಿ ಎಕ್ಸಾನ್ ಜೋಡಿಸುವ ಜಾಗ), ಪಾಲಿಪಿರಿಮಿಡಿನ್ ಸಾಲು (ಸಿ, ಯು ತುಂಬಿದ ಪಟ್ಟಿ) ಎಲ್ಲ ಚೂರಾಗುತ್ತವೆ. ಆಗ ಮಾಡೆಲ್ ಅಸಲಿ ಜೀನೋಮ್ ಯಾವುದು, ಕಲಸಿದ್ದು ಯಾವುದು ಎಂದಷ್ಟೇ ಗುರುತಿಸುತ್ತದೆ.

ಕೆಲಸಕ್ಕೆ ಬಂದದ್ದು ಅದೇ ಕೆ562ನ ಬೇರೆ ಪ್ರೋಟೀನ್‌ಗಳ ಪೀಕ್‌ಗಳು. ಅದೇ ಕೋಶ, ಅದೇ 254 ನ್ಯಾನೋಮೀಟರ್ ಯುವಿ, ಖಂಡಿತ ವ್ಯಕ್ತವಾಗುವ ಆರ್‌ಎನ್‌ಎ. ಆರ್‌ಬಿಫಾಕ್ಸ್2 ಪೀಕ್‌ನಿಂದ 200 ಬೇಸ್ ಒಳಗಿರುವುದನ್ನು ಕಿತ್ತುಹಾಕಿ, ಇಂಟ್ರಾನ್‌ಗೆ ಇಂಟ್ರಾನ್, 3' ಯುಟಿಆರ್‌ಗೆ (ಆರ್‌ಎನ್‌ಎಯ ಕೊನೆಯಲ್ಲಿ ಪ್ರೋಟೀನಾಗದ ಭಾಗ) 3' ಯುಟಿಆರ್ ಜೋಡಿಸಿ. ಪ್ರತಿ ಪ್ರೋಟೀನ್‌ಗೆ ಮಿತಿ ಇರಲಿ (ನಮ್ಮದು 200 ಪೀಕ್). ಯು ಸಾಲುಗಳನ್ನು ಹಿಡಿಯುವ ಯು2ಎಎಫ್2 ಪ್ರೋಟೀನ್ ಒಂದರಿಂದಲೇ ತುಂಬಿಸಿದರೆ ಸಾಲುಸಾಲು ಯು (ಡಿಎನ್‌ಎ ಬರಹದಲ್ಲಿ ಟಿ) ಕಂಡಲ್ಲೆಲ್ಲ ಮಾಡೆಲ್ ನೆಗೆಟಿವ್ ಅನ್ನುತ್ತದೆ. ಎಯುಆರ್‌ಒಸಿ ಇಳಿಯಿತು, ಇಳಿಯಲೇಬೇಕಿತ್ತು. ಮೋಟಿಫ್ ಕೆಡಿಸಿದ ಕೂಡಲೇ ಸ್ಕೋರ್ ನೆಲಕಚ್ಚಿತು. ಆ ಗ್ರಾಫ್ ನೋಡುವ ಖುಷಿಯೇ ಬೇರೆ.

ಆದರೂ ಒಂದು ಫಿಲ್ಟರ್‌ನ ಲೋಗೋದಲ್ಲಿ (ಅದು ಕಲಿತ ಬೇಸ್‌ಗಳ ಚಿತ್ರದಲ್ಲಿ) ಸಿ-ಎ-ಟಿ-ಜಿ-ಸಿ-ಎ ಮೂಡಿತ್ತು. ಅದು ಹೊಸ ಮೋಟಿಫ್ ಅಲ್ಲ, ಅದೇ ಮೋಟಿಫಿನ ರಿವರ್ಸ್ ಕಾಂಪ್ಲಿಮೆಂಟ್, ಅಂದರೆ ಡಿಎನ್‌ಎಯ ಎದುರು ಎಳೆಯಲ್ಲಿ ಓದಿದ ರೂಪ. ಜೀನೋಮ್‌ನಿಂದ ಬೇಸ್‌ಗಳ ಸಾಲು ತೆಗೆದುಕೊಡುವ ಬೆಡ್‌ಟೂಲ್ಸ್ ಗೆಟ್‌ಫಾಸ್ಟಾಗೆ ಸ್ಟ್ರ್ಯಾಂಡ್ (ಎಳೆ) ಆಯ್ಕೆ ಕೊಡದಿದ್ದರೆ ಮೈನಸ್ ಎಳೆಯ ಜೀನ್‌ಗಳೆಲ್ಲ ಹೀಗೆ ಉಲ್ಟಾ ಬರುತ್ತವೆ. ವಿಂಡೋವನ್ನು ಪೀಕ್‌ನ ನಡುವೆ ಇಡಬೇಡಿ, 5' ಅಂಚಿನಲ್ಲಿ (ಆರ್‌ಎನ್‌ಎ ಶುರುವಾಗುವ ಕಡೆ) ಇಡಿ. ಇಕ್ಲಿಪ್‌ನಲ್ಲಿ ಕ್ರಾಸ್‌ಲಿಂಕ್ (ಯುವಿ ಪ್ರೋಟೀನನ್ನು ಆರ್‌ಎನ್‌ಎಗೆ ಅಂಟಿಸಿದ ಜಾಗ) ಇರುವುದು ಆ ಬದಿಗೆ. ಮೈನಸ್ ಸ್ಟ್ರ್ಯಾಂಡ್‌ನಲ್ಲಿ 5' ಅಂಚು ಎಂದರೆ ಬೆಡ್ ಫೈಲಿನ (ಪೀಕ್‌ಗಳ ಸ್ಥಾನಗಳ ಪಟ್ಟಿ) ಎಂಡ್ ಕಾಲಮ್‌ನಿಂದ 1 ಕಳೆದ ಜಾಗ.

 

ಮುಂದಿನ ಸರದಿ ಟಿಡಿಪಿ-43 ಎಂಬ ಪ್ರೋಟೀನಿನದು. ಅದು ಹಿಡಿಯುವುದು ಯು-ಜಿ ಪುನರಾವರ್ತನೆಗಳನ್ನು. 10 ಅಗಲದ ಫಿಲ್ಟರ್‌ಗೆ ಐದೇ ಜೋಡಿ ಕಾಣುತ್ತವೆ, ಹಾಗಾಗಿ ಡೈಲೇಟೆಡ್ ಕನ್ವಲ್ಯೂಷನ್ (ನಡುನಡುವೆ ಬೇಸ್ ಬಿಟ್ಟು ಉದ್ದಕ್ಕೂ ನೋಡುವ ಫಿಲ್ಟರ್) ಬೇಕು. ಎಎಲ್‌ಎಸ್‌ ಎಂಬ ನರರೋಗದಲ್ಲಿ ಟಿಡಿಪಿ-43 ನ್ಯೂಕ್ಲಿಯಸ್‌ನಿಂದ ಕಾಣೆಯಾದಾಗ ಎಸ್‌ಟಿಎಂಎನ್2, ಯುಎನ್‌ಸಿ13ಎ ಜೀನ್‌ಗಳಲ್ಲಿ ಕ್ರಿಪ್ಟಿಕ್ ಎಕ್ಸಾನ್ (ಸಾಮಾನ್ಯವಾಗಿ ಬಳಕೆಯಾಗದ ಎಕ್ಸಾನ್) ತಲೆಯೆತ್ತುತ್ತದೆ. ಆ ಜಾಗಗಳನ್ನು ಮಾಡೆಲ್ ತಾನಾಗಿಯೇ ಹಿಡಿಯಬೇಕು. ಅದಕ್ಕೇ ಆ ಎರಡು ಜೀನ್‌ಗಳಿರುವ 8 ಮತ್ತು 19ನೇ ಕ್ರೋಮೋಸೋಮ್‌ಗಳನ್ನು ಟ್ರೈನಿಂಗ್‌ನಿಂದ ಈಗಲೇ ಹೊರಗಿಟ್ಟಾಗಿದೆ.